ಫೈಬರ್ ದೋಣಿಗೆ ಔಟ್‌ಬೋರ್ಡ್: ಹಿಂಬದಿಯ ಹಲಗೆ ಬದಲಿಸಿದ ಅನುಭವ

ಗಂಗೊಳ್ಳಿ ಕಡೆಯ 22 ಅಡಿ ಫೈಬರ್ ದೋಣಿ. ಒಳಗಿನ ಡೀಸೆಲ್ ಇಂಜಿನ್ ಇಳಿಸಿ 9.9 ಎಚ್‌ಪಿ ಲಾಂಗ್ ಶಾಫ್ಟ್ (ಉದ್ದ ಕಾಲಿನ) ಔಟ್‌ಬೋರ್ಡ್, ಅಂದರೆ ದೋಣಿಯ ಹಿಂದೆ ಹೊರಗಡೆ ತೂಗುವ ಇಂಜಿನ್, ಕೂರಿಸಬೇಕಿತ್ತು. ಒಳ ಇಂಜಿನ್ನಿನ ಭಾರ ಅಡಿಯ ಬೆಡ್ಡಿನ ಮೇಲಿರುತ್ತದೆ. ಔಟ್‌ಬೋರ್ಡಿನ ಭಾರ, ತಳ್ಳುವ ಬಲ ಎರಡನ್ನೂ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್ ಒಂದೇ ಹೊರಬೇಕು. ಒಳ, ಹೊರ ಫೈಬರ್ ಪದರಗಳ ನಡುವೆ ಮರ ಇಟ್ಟ ಹಲಗೆ ಅದು.

ಮೊದಲ ಕೆಲಸ ಪರೀಕ್ಷೆ. ಸುತ್ತಿಗೆಯ ಹಿಡಿಯಿಂದ ಇಡೀ ಹಲಗೆ ತಟ್ಟಿದೆ. ಟೊಳ್ಳು ಸದ್ದು ಬಂದ ಕಡೆ, ಹಳೆಯ ಬೋಲ್ಟ್ ತೂತುಗಳ ಬದಿಯಲ್ಲಿ, ತೀರ ತಳದಲ್ಲಿ ಒಳಗಿನಿಂದ 6 ಎಂಎಂ ಡ್ರಿಲ್ ಹಾಕಿದೆ. ಬಿಳಿಚು ಒಣ ಹುಡಿ ಬಂದರೆ ಮರ ಚೆನ್ನಾಗಿದೆ. ಇಲ್ಲಿ ಡ್ರಿಲ್ಲಿನ ಮೊನೆಗೆ ಅಂಟಿ ಬಂದದ್ದು ಸೋಸಿದ ಚಹಾಪುಡಿಯಂಥ ಕಪ್ಪು ಒದ್ದೆ ಮುದ್ದೆ. ಇಂಥ ಮರದ ಮೇಲೆ ಎಷ್ಟು ಪದರ ಮ್ಯಾಟ್ (ಗಾಜಿನೆಳೆಯ ಹಾಸು) ಹೊದಿಸಿದರೂ ವ್ಯರ್ಥ, ಪೂರ್ತಿ ತೆಗೆಯಲೇಬೇಕು.

ಕತ್ತರಿಸುವ ಮೊದಲು ದೋಣಿಯ ಎರಡೂ ಅಂಚುಗಳ ನಡುವೆ ಅಡ್ಡಪಟ್ಟಿ ಬಿಗಿದೆ, ಹೊರಗಿನಿಂದ ನೇರ ಹಲಗೆ ಆನಿಸಿದೆ. ಇದನ್ನು ಮರೆತರೆ ಮರ ತೆಗೆದೊಡನೆ ಹೊರಪದರ ಬಾಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಒಳಪದರವನ್ನು ಗ್ರೈಂಡರಿನಲ್ಲಿ ಕೊಯ್ದು ಕೊಳೆತ ಮರ ಕಿತ್ತೆ. ಅಕ್ಕಪಕ್ಕದ ಫೈಬರನ್ನು 150 ಎಂಎಂ ಅಗಲ ಹೊಸ ಬಣ್ಣ ಕಾಣುವವರೆಗೆ ಉಜ್ಜಿದೆ. ರಾತ್ರಿ ಅದರ ಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿಟ್ಟರೆ, ಬೆಳಿಗ್ಗೆ ಒಳಗೆ ಹನಿ ಕಟ್ಟಿದೆಯೇ ಎಂಬುದರಿಂದ ತೇವ ತಿಳಿಯುತ್ತದೆ. ಹೇಗೂ ದೋಣಿ ದಡದಲ್ಲಿರುತ್ತದೆಂದು ಜೂನ್–ಜುಲೈ ಮಳೆಯಲ್ಲಿ ಈ ಕೆಲಸ ಹಿಡಿಯುವವರಿದ್ದಾರೆ. ಮ್ಯಾಟನ್ನು ಬೆಸೆಯುವ ಅಂಟು ದ್ರವ, ಅಂದರೆ ರೆಸಿನ್ನಿಗೆ ಅದಕ್ಕಿಂತ ಕೆಟ್ಟ ಕಾಲವಿಲ್ಲ, ಏಪ್ರಿಲ್ಲಿನಲ್ಲೇ ಮುಗಿಸಿ.

ಹಲಗೆಗೆ ಐಎಸ್ 710 (ಭಾರತೀಯ ಮಾನಕ) ಗುರುತಿನ 18 ಎಂಎಂ ಮೆರೈನ್ ಪ್ಲೈ, ಎರಡು ತುಂಡು. 8×4 ಅಡಿಯ ಒಂದೇ ಶೀಟಿನಲ್ಲಿ ಎರಡೂ ಸಿಕ್ಕವು. ಐಸೊಫ್ತಾಲಿಕ್ ಪಾಲಿಯೆಸ್ಟರ್ ರೆಸಿನ್ ಸುಮಾರು 10 ಕಿಲೊ, ಚದರ ಮೀಟರಿಗೆ 450 ಗ್ರಾಮಿನ ಮ್ಯಾಟ್, 600 ಗ್ರಾಮಿನ ರೋವಿಂಗ್ (ನೇಯ್ದ ಗಾಜಿನೆಳೆ ಬಟ್ಟೆ). ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲೇ ರೆಸಿನ್ನಿಗೆ ಪೂರ್ತಿ ಕಲಸಿ, ಗಟ್ಟಿಯಾಗಿಸುವ ಕ್ಯಾಟಲಿಸ್ಟನ್ನು ಬಳಸುವಾಗ ಕಿಲೊಗೆ 10–15 ಎಂಎಲ್ ಹಾಕಿದೆ. ಕೋಬಾಲ್ಟ್, ಕ್ಯಾಟಲಿಸ್ಟ್ ಎರಡನ್ನೇ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಎರಡಕ್ಕೂ ಒಂದೇ ಅಳತೆ ಲೋಟ ಬಳಸಲೇಬೇಡಿ.

ಪ್ಲೈಯ ಎಲ್ಲ ಮುಖಕ್ಕೂ, ಮುಖ್ಯವಾಗಿ ಕೊಯ್ದ ಅಂಚಿಗೆ, ಮೊದಲು ತೆಳು ರೆಸಿನ್ ಕುಡಿಸಬೇಕು. ಆಮೇಲೆ ಹೊರಪದರಕ್ಕೆ ನೆನೆಸಿದ ಮ್ಯಾಟ್, ಅದರ ಮೇಲೆ ಮೊದಲ ಪ್ಲೈ, ಮತ್ತೆ ಮ್ಯಾಟ್, ಎರಡನೇ ಪ್ಲೈ. ನನ್ನ ತಪ್ಪಾದದ್ದು ಇಲ್ಲೇ: ಮೊದಲ ಪ್ಲೈಗೆ ತೂತಿರಲಿಲ್ಲ, ಹಿಂದೆ ಅಂಗೈ ಅಗಲದ ಗಾಳಿ ಸಿಕ್ಕಿಕೊಂಡಿತು. ಅಲ್ಲಿ ತೂತು ಕೊರೆದು ಸಿರಿಂಜಿನಲ್ಲಿ ರೆಸಿನ್ ತುಂಬಬೇಕಾಯಿತು. ಎರಡನೆಯದಕ್ಕೆ 150 ಎಂಎಂಗೊಂದರಂತೆ 6 ಎಂಎಂ ತೂತು ಹಾಕಿ ಕ್ಲಾಂಪ್ ಬಿಗಿದೆ. ಪ್ರತಿ ತೂತಿನಿಂದಲೂ ರೆಸಿನ್ ಒಸರಿತು, ಒಳಗೆ ಪೊಳ್ಳಿಲ್ಲ ಎನ್ನುವುದಕ್ಕೆ ಅದೇ ಗುರುತು.

ಹಲಗೆ ಎಷ್ಟೇ ಗಟ್ಟಿಯಿರಲಿ, ದೋಣಿಯ ಮೈಗೆ ಬೆಸೆಯದಿದ್ದರೆ ಮೂಲೆಯಲ್ಲೇ ಬಿರುಕು ಬಿಡುತ್ತದೆ. ಚೂಪು ಮೂಲೆಯಲ್ಲಿ ಮ್ಯಾಟ್ ಕೂರದೆ ಗಾಳಿ ನಿಲ್ಲುವುದರಿಂದ, ತುಂಡು ಮಾಡಿದ ಗಾಜಿನೆಳೆ ಮತ್ತು ಏರೋಸಿಲ್ (ರೆಸಿನ್ ದಪ್ಪಗೊಳಿಸುವ ಪುಡಿ) ಕಲಸಿದ ಪುಟ್ಟಿಯಿಂದ ಸುಮಾರು 30 ಎಂಎಂ ತಿರುವು ಕೊಟ್ಟೆ. ಅದರ ಮೇಲೆ ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಮ್ಯಾಟ್, ಪಕ್ಕದ ಮೈಗೆ 50ರಿಂದ 150 ಎಂಎಂವರೆಗೆ ಮೆಟ್ಟಿಲಿನಂತೆ ಹತ್ತಿಸಿ. ಒಂದೇ ಸಲಕ್ಕೆ ಮೂರಕ್ಕಿಂತ ಹೆಚ್ಚು ಪದರ ಬೇಡ, ಬಿಸಿ ಏರಿ ಗುಳ್ಳೆ ಬರುತ್ತದೆ. ಹಳೆಯ ಶಾಫ್ಟಿನ ತೂತನ್ನು ಮುಚ್ಚಲು ಸುತ್ತ 1ಕ್ಕೆ 12ರ ಇಳಿಜಾರು ಕೊಟ್ಟೆ: 6 ಎಂಎಂ ದಪ್ಪದ ಮೈಗೆ ಪ್ರತಿ ಬದಿ 72 ಎಂಎಂ.

ಲಾಂಗ್ ಶಾಫ್ಟಿಗೆ ದೋಣಿಯ ತಳದ ನಡುಗೆರೆಯಿಂದ (ಕೀಲ್) ಹಲಗೆಯ ಮೇಲಂಚಿಗೆ 20 ಇಂಚು ಎತ್ತರ ಬೇಕು. ಫ್ಯಾನಿನ (ಪ್ರೊಪೆಲ್ಲರ್) ಮೇಲಿನ ಪ್ಲೇಟು ದೋಣಿಯ ತಳಕ್ಕಿಂತ ಸುಮಾರು ಒಂದಿಂಚು ಕೆಳಗಿರಲಿ. ಇಂಜಿನ್ ತೂಗಿಸಿ ನೋಡಿದ ಮೇಲೆಯೇ ಮೇಲಂಚು ಕೊಯ್ದೆ, ಕೊಯ್ದ ಅಂಚಿಗೂ ರೆಸಿನ್, ಮ್ಯಾಟ್ ಹೊದಿಸಿದೆ.

ಮತ್ತೆ ಕೊಳೆ ಶುರುವಾಗುವುದು ಬೋಲ್ಟ್ ತೂತಿನಿಂದ. 8 ಎಂಎಂ ಬೋಲ್ಟಿಗೆ 14 ಎಂಎಂ ತೂತು ಕೊರೆದು, ಎಪಾಕ್ಸಿ ಅಂಟು ತುಂಬಿ, ಗಟ್ಟಿಯಾದ ಮೇಲೆ ನಡುವೆ 8 ಎಂಎಂ ತೂತು ತೆಗೆದರೆ ನೀರು ಮರ ಮುಟ್ಟುವುದಿಲ್ಲ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ಒಳಗೆ ಅಗಲ ಪ್ಲೇಟು, ಪಾಲಿಯುರೆಥೇನ್ ಸೀಲಂಟ್. ಇಂಜಿನ್ನಿನ ಕ್ಲಾಂಪ್ ಸ್ಕ್ರೂ ಒಂದನ್ನೇ ನಂಬಬೇಡಿ. ರೆಸಿನ್ ಹಾಕಿ ವಾರ ಕಳೆದ ಮೇಲೆಯೇ ಇಂಜಿನ್ ಕೂರಿಸಿದೆ. ಮೊದಲ ಐದು ಗಂಟೆ ಓಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದಾಗ ಅವುಗಳಲ್ಲಿ ಎರಡು ಬೋಲ್ಟ್ ತಲಾ ಕಾಲು ಸುತ್ತು ತಿರುಗಿದವು.