ಜರ್ಮನಿಯಲ್ಲಿ ಬಾಡಿಗೆ ಮನೆ ಬಿಡುವ ಮುನ್ನ

ಬೆಂಗಳೂರಿನಲ್ಲಿ ಮನೆ ಬಿಡುವವರು ಮಾಲೀಕರಿಗೆ ಬಾಯಿಮಾತಿನಲ್ಲಿ ತಿಳಿಸಿ, ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಕೀಲಿಕೈ ಒಪ್ಪಿಸಿ ಬರುವುದು ರೂಢಿ. ಅದೇ ಅಭ್ಯಾಸದಲ್ಲಿ ಜರ್ಮನಿಗೆ ಬಂದವರು ಇಲ್ಲಿನ ಮೊದಲ ಮನೆಯನ್ನು ಬಿಡುವಾಗ ಎಡವುತ್ತಾರೆ. ಮ್ಯೂನಿಕ್‌ನಲ್ಲಿ ನಾನೂ ಎಡವಿದ್ದೇನೆ.

ಎಡವುವುದು ಹೆಚ್ಚಾಗಿ ನೋಟಿಸಿನಲ್ಲಿ. ಇಲ್ಲಿ ಅದಕ್ಕೆ ಕ್ಯುಂಡಿಗುಂಗ್ ಎನ್ನುತ್ತಾರೆ. ಅವಧಿ ಮೂರು ತಿಂಗಳು ಎಂಬುದು ಎಲ್ಲರಿಗೂ ಗೊತ್ತು, ಆದರೆ ಪತ್ರವು ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮಾಲೀಕರನ್ನು ತಲುಪಿದರೆ ಮಾತ್ರ ಆ ತಿಂಗಳು ಎಣಿಕೆಗೆ ಸೇರುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಮಾರ್ಚ್ ತಿಂಗಳ ಆ ದಿನದೊಳಗೆ ತಲುಪಿದರೆ ಮೇ ಕೊನೆಗೆ ಬಿಡುಗಡೆ. ಒಂದು ದಿನ ತಡವಾದರೂ ಜೂನ್ ಕೊನೆಯವರೆಗೆ ಬಾಡಿಗೆ ಕಟ್ಟಬೇಕು. ನಾನು ತಿಂಗಳು ಹುಟ್ಟುವ ಮೊದಲೇ ಇಮೇಲ್ ಕಳಿಸಿ ನಿಶ್ಚಿಂತೆಯಿಂದಿದ್ದೆ. ಹತ್ತನೆಯ ತಾರೀಖಿಗೆ ಉತ್ತರ ಬಂತು: ಕಾಗದದ ಮೇಲೆ ಕೈಯಾರೆ ಸಹಿ ಮಾಡಿದ ಪತ್ರವಿಲ್ಲದೆ ನೋಟಿಸು ಊರ್ಜಿತವಲ್ಲ. ಕಾನೂನು ಅವರ ಕಡೆಗಿತ್ತು. ಒಂದು ತಿಂಗಳ ಬಾಡಿಗೆ ದಂಡವಾಯಿತು. ಕರಾರಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಇಬ್ಬರೂ ಸಹಿ ಹಾಕಬೇಕು. ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಇಲ್ಲವೇ ಕೈಯಲ್ಲೇ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಬರೆಸಿಕೊಳ್ಳಿ. ಇಂತಿಷ್ಟು ಕಾಲ ಬಿಡುವಂತಿಲ್ಲವೆಂಬ ಷರತ್ತು ಕರಾರಿನಲ್ಲಿದೆಯೇ ಎಂಬುದನ್ನೂ ಅದಕ್ಕೂ ಮೊದಲೇ ನೋಡಿಕೊಳ್ಳಿ.

ಮೂವರು ಹೊಸ ಬಾಡಿಗೆದಾರರನ್ನು ಕರೆತಂದು ತೋರಿಸಿದರೆ ಮಾಲೀಕರು ನಮ್ಮನ್ನು ಅವಧಿಗೆ ಮೊದಲೇ ಬಿಡಲೇಬೇಕು ಎಂಬ ಮಾತು ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ತೇಲಿಬರುತ್ತದೆ. ಅಂಥ ಸಾಮಾನ್ಯ ನಿಯಮವಿಲ್ಲ. ಕೇಳಿ ನೋಡುವುದರಲ್ಲಿ ತಪ್ಪಿಲ್ಲ, ಮಾಲೀಕರು ಒಪ್ಪಿದರೆ ಅದನ್ನು ಬರಹದಲ್ಲಿ ಪಡೆಯಿರಿ.

ಠೇವಣಿಯು ಹೆಚ್ಚೆಂದರೆ ಮೂರು ತಿಂಗಳ ಮೂಲ ಬಾಡಿಗೆಯಷ್ಟಿರಬಹುದು (ಹೀಟಿಂಗ್, ನೀರು ಇತ್ಯಾದಿ ವೆಚ್ಚ ಸೇರದ ಬಾಡಿಗೆ). ಕೊನೆಯ ಎರಡು ತಿಂಗಳ ಬಾಡಿಗೆ ಕಟ್ಟದೆ "ಅದರಲ್ಲೇ ಮುರಿದುಕೊಳ್ಳಿ" ಎನ್ನುವ ನಮ್ಮೂರಿನ ಜಾಣತನ ಇಲ್ಲಿ ನಡೆಯುವುದಿಲ್ಲ. ಸುಣ್ಣಬಣ್ಣದ ವಿಷಯ ಮಾತ್ರ ಬಾಡಿಗೆದಾರರಿಗೆ ಅಷ್ಟೊಂದು ಪ್ರತಿಕೂಲವಾಗಿಲ್ಲ: ನಿಮಗೆ ಬಣ್ಣ ಹೊಡೆಸದ ಮನೆಯನ್ನು, ಯಾವ ಪರಿಹಾರವೂ ಇಲ್ಲದೆ ಕೊಟ್ಟಿದ್ದರೆ, ಬಿಡುವಾಗ ಬಣ್ಣ ಹೊಡೆಸಬೇಕೆಂಬ ಷರತ್ತು ಊರ್ಜಿತವಲ್ಲವೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2015ರಲ್ಲಿ ತೀರ್ಪು ನೀಡಿದೆ. ಆದ್ದರಿಂದ ಮಾಲೀಕರು ಕೇಳಿದ ಕೂಡಲೇ ಪೇಂಟರನ್ನು ಕರೆಸದೆ, ಬಾಡಿಗೆದಾರರ ಸಂಘದ ಸದಸ್ಯರಾಗಿ ಕರಾರನ್ನು ಅಲ್ಲಿ ಓದಿಸಿ.

ದಿನಬಳಕೆಯ ಸವೆತಕ್ಕೆ ನೀವು ಹೊಣೆಯಲ್ಲ, ಹಾನಿಗೆ ಹೊಣೆ. ನಮ್ಮ ಅಡುಗೆಮನೆಗಳಲ್ಲಿ ಈ ಎರಡರ ನಡುವಿನ ಗೆರೆ ತುಸು ತೆಳು. ಒಲೆಯ ಮೇಲಿನ ಎಕ್ಸಾಸ್ಟ್ ಹುಡ್ಡಿನ ಜಾಲರಿಯಲ್ಲಿ ಒಗ್ಗರಣೆಯ ಜಿಡ್ಡು ಜೇನಿನಂತೆ ಕಟ್ಟಿಕೊಂಡಿರುತ್ತದೆ, ಕುಕ್ಕರ್ ಕೂಗಿದಾಗ ಚಿಮ್ಮಿದ ಬೇಳೆಯ ಹಳದಿ ಚುಕ್ಕೆಗಳು ಸೂರಿನ ಮೇಲಿರುತ್ತವೆ, ದೇವರ ಗೂಡಿನ ಹಿಂದಿನ ಬಿಳಿ ಗೋಡೆಗೆ ದೀಪದ ಮಸಿ ಹಿಡಿದಿರುತ್ತದೆ. ಇವನ್ನು ಕೊನೆಯ ರಾತ್ರಿಗೆ ಬಿಡದೆ ಎರಡು ವಾರ ಮೊದಲೇ ಕೈಗೆತ್ತಿಕೊಳ್ಳಿ. ಮ್ಯೂನಿಕ್‌ನ ಗಡಸು ನೀರು ನಲ್ಲಿ, ಶವರುಗಳಿಗೆ ಹಿಡಿಸುವ ಬಿಳಿ ಪೊರೆ ಸಿಟ್ರಿಕ್ ಆಮ್ಲಕ್ಕೆ ಬಿಡುತ್ತದೆ, ಆದರೆ ಅದನ್ನು ಅಮೃತಶಿಲೆಗೆ ಸೋಕಿಸಬೇಡಿ. ನೆಲಮಾಳಿಗೆಯ ಗೂಡನ್ನೂ ಖಾಲಿ ಮಾಡಬೇಕು. ನಮ್ಮವರು ಸೂಟ್‌ಕೇಸುಗಳನ್ನು ಮರೆತುಬರುವುದು ಅಲ್ಲೇ.

ಕೀಲಿಕೈ ಒಪ್ಪಿಸುವ ದಿನ ಕೋಣೆಕೋಣೆಯ ಸ್ಥಿತಿಯನ್ನು ಬರೆದು ಇಬ್ಬರೂ ಸಹಿ ಮಾಡುವ ಹಸ್ತಾಂತರ ಪತ್ರವಿರುತ್ತದೆ. ಹಗಲು ಬೆಳಕಿರುವಾಗಲೇ ಅದನ್ನು ಮಾಡಿಸಿ. ಜರ್ಮನ್ ಬಲ್ಲ ಸ್ನೇಹಿತರೊಬ್ಬರು ಸಾಕ್ಷಿಯಾಗಿ ಜೊತೆಗಿರಲಿ. ಮೀಟರುಗಳ ಅಂಕಿಗಳನ್ನು ಮೀಟರಿನ ಸಂಖ್ಯೆಯೂ ಕಾಣುವಂತೆ ಫೋಟೊ ತೆಗೆದುಕೊಳ್ಳಿ, ಕೊಟ್ಟ ಕೀಲಿಕೈಗಳು ಎಷ್ಟೆಂದು ಬರೆಸಿ. ನಿಮಗೆ ಒಪ್ಪಿಗೆಯಿಲ್ಲದ ಸಾಲು ಅದರಲ್ಲಿದ್ದರೆ ಸಂಕೋಚಕ್ಕೆ ಬಿದ್ದು ಸಹಿ ಹಾಕಬೇಡಿ.

ವಿದ್ಯುತ್ ಸಂಪರ್ಕವನ್ನು 2025ರ ಜೂನ್‌ನಿಂದ ಹಿಂದಿನ ದಿನಾಂಕಕ್ಕೆ ರದ್ದು ಮಾಡಿಸಲು ಬರುವುದಿಲ್ಲವಾದ್ದರಿಂದ ಮನೆ ಬಿಡುವ ಮೊದಲೇ ಕಂಪನಿಗೆ ತಿಳಿಸಿ. ಜರ್ಮನಿಯಲ್ಲೇ ಬೇರೆ ಮನೆಗೆ ಹೋಗುವವರು ಎರಡು ವಾರದೊಳಗೆ ಹೊಸ ವಿಳಾಸವನ್ನು ನೋಂದಾಯಿಸಿದರೆ ಸಾಕು. ಊರಿಗೇ ಮರಳುವವರು ಮಾತ್ರ ಆಬ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿಯ ರದ್ದತಿ, ಮಾಡಿಸಬೇಕು. ಹೊರಡುವ ಒಂದು ವಾರ ಮೊದಲಿನಿಂದ ಅದಕ್ಕೆ ಅವಕಾಶವಿದೆ, ಟಿವಿ, ರೇಡಿಯೊ ಪ್ರಸಾರ ಶುಲ್ಕದಂಥವನ್ನು ನಿಲ್ಲಿಸಲು ಆ ಕಾಗದವೇ ಬೇಕಾಗುತ್ತದೆ.

ಹಾಗೆ ಮರಳುವವರು ಇಲ್ಲಿನ ಬ್ಯಾಂಕ್ ಖಾತೆಯನ್ನು ಮಾತ್ರ ಆತುರದಿಂದ ಮುಚ್ಚಬಾರದು. ಮನೆಯನ್ನು ಪರಿಶೀಲಿಸಲೆಂದು ಮಾಲೀಕರು ಠೇವಣಿಯನ್ನು ಕೆಲವು ತಿಂಗಳು ಇಟ್ಟುಕೊಳ್ಳುವುದುಂಟು. ಹೀಟಿಂಗ್, ನೀರು ಇತ್ಯಾದಿ ವೆಚ್ಚಗಳ ಲೆಕ್ಕವನ್ನು ಕೊಡಲು ಲೆಕ್ಕದ ವರ್ಷ ಮುಗಿದ ಮೇಲೂ ಅವರಿಗೆ 12 ತಿಂಗಳ ಕಾಲಾವಕಾಶವಿದೆ, ಅದಕ್ಕಾಗಿ ಠೇವಣಿಯ ಒಂದಿಷ್ಟು ಭಾಗವನ್ನು ತಡೆಹಿಡಿಯಬಹುದು. ಆ ಲೆಕ್ಕ ಕಾಗದದ ರೂಪದಲ್ಲೇ ಬರುವ ಸಂಭವವಿರುವುದರಿಂದ, ನಂಬಿಕಸ್ಥ ಸ್ನೇಹಿತರೊಬ್ಬರ ಇಲ್ಲಿನ ವಿಳಾಸವನ್ನು ಹಸ್ತಾಂತರ ಪತ್ರದಲ್ಲೇ ಬರೆಸಿಬಿಡಿ.