ನಾಲ್ಕಡಿ ಗೋಡೆಯಲ್ಲಿ ದಸರಾ ಗೊಂಬೆ

ದಸರಾ ಹತ್ತಿರ ಬಂದರೆ ಮೈಸೂರು, ಬೆಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಅಟ್ಟದ ಟ್ರಂಕು ಕೆಳಗಿಳಿಯುತ್ತದೆ. ಫ್ಲ್ಯಾಟ್‌ಗೆ ಹೋದವರು ಮಾತ್ರ ‘ನಮ್ಮಲ್ಲಿ ಜಾಗ ಎಲ್ಲಿದೆ’ ಅಂತ ಸುಮ್ಮನಾಗಿಬಿಡುತ್ತಾರೆ. ನಾಲ್ಕಡಿ ಅಗಲದ ಖಾಲಿ ಗೋಡೆ ಇದ್ದರೆ ಸಾಕು, ಗೊಂಬೆ ಕೂರಿಸಬಹುದು. ಇರುವುದನ್ನೆಲ್ಲ ತುರುಕುವುದು ಬೇಡ. ಬಂದವರು ಒಂದೊಂದು ಗೊಂಬೆಯನ್ನೂ ನಿಂತು ನೋಡಬೇಕು, ಅಷ್ಟೇ.

ಕೆಲಸ ಹಬ್ಬಕ್ಕೆ ಒಂದು ವಾರ ಮೊದಲೇ ಶುರುವಾಗಲಿ. ಮೊದಲು ಗೊಂಬೆ ಬಿಚ್ಚಿ ನೋಡಿ. ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ಮುಟ್ಟಿಸಲೇಬೇಡಿ, ಬಣ್ಣ ಎದ್ದುಬರುತ್ತದೆ. ಮೆತ್ತನೆಯ ಬ್ರಷ್‌ನಲ್ಲಿ ಧೂಳು ಕೊಡವಿದರೆ ಸಾಕು. ಚನ್ನಪಟ್ಟಣದ ಗೊಂಬೆ ಅರಗಿನ ಬಣ್ಣದ್ದು. ಒಣ ಹತ್ತಿ ಬಟ್ಟೆಯಲ್ಲಿ ಉಜ್ಜಿದರೆ ಮತ್ತೆ ಹೊಳಪು ಬರುತ್ತದೆ.

ಗೊಂಬೆಗಳ ಮುಂದೆ ನೆಲದ ಮೇಲೆ ಮಾಡುವ ಪುಟ್ಟ ಪಾರ್ಕಿಗೆ ಅದೇ ದಿನ ಬೀಜ ಹಾಕಿಬಿಡಿ. ಅಗಲವಾದ ತಟ್ಟೆಯಲ್ಲಿ ಒಂದಿಂಚು ಮಣ್ಣು ಹರಡಿ, ನೀರು ಚಿಮುಕಿಸಿ, ಮೇಲೆ ರಾಗಿ, ಸಾಸಿವೆ ಉದುರಿಸಿ. ಮೊಳಕೆ ಕಾಣುವವರೆಗೆ ಒದ್ದೆ ಬಟ್ಟೆ ಮುಚ್ಚಿಡಿ. ಪಾಡ್ಯದ ಹೊತ್ತಿಗೆ ಹಸಿರು ಬಂದಿರುತ್ತದೆ. ಈ ಕೆಲಸ ಮಕ್ಕಳಿಗೇ ಬಿಡಿ. ದಿನಾ ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೇ ಓಡುತ್ತಾರೆ.

ಮೆಟ್ಟಿಲು

ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು: 3, 5, 7 ಅಥವಾ 9. ಒಂದೊಂದು ಮೆಟ್ಟಿಲು 8 ಇಂಚು ಎತ್ತರ, 10 ಇಂಚು ಆಳ ಇದ್ದರೆ ಸಾಧಾರಣ ಗಾತ್ರದ ಗೊಂಬೆ ಆರಾಮಾಗಿ ಕೂರುತ್ತದೆ. ಆದರೆ ಲೆಕ್ಕ ನೋಡಿ: ಐದು ಮೆಟ್ಟಿಲಾದರೆ ಗೋಡೆಯಿಂದ 50 ಇಂಚು ಮುಂದೆ ಬರುತ್ತದೆ. ಚಿಕ್ಕ ಹಾಲ್‌ನಲ್ಲಿ ಓಡಾಡುವುದೇ ಕಷ್ಟ. ಮೂರಾದರೆ ಎರಡೂವರೆ ಅಡಿ ಸಾಕು. ಹಾಗಾಗಿ ಫ್ಲ್ಯಾಟ್‌ಗೆ ನಾನು ಹೇಳುವುದು ಮೂರೇ ಮೆಟ್ಟಿಲು.

ಕಬ್ಬಿಣದ ಸ್ಟ್ಯಾಂಡ್ ಕೊಳ್ಳಲೇಬೇಕು ಅಂತಿಲ್ಲ. ಟ್ರಂಕು, ಬೆಂಚು, ಗಟ್ಟಿ ಹಲಗೆ ಯಾವುದಾದರೂ ನಡೆಯುತ್ತದೆ. ಗೊಂಬೆ ಇಡುವ ಮೊದಲು ಎರಡೂ ಕೈಯಿಂದ ಒತ್ತಿ ನೋಡಿ. ಅಲ್ಲಾಡಿದರೆ ಅಡಿಗೆ ರಟ್ಟು ಕೊಟ್ಟು ಗಟ್ಟಿ ಮಾಡಿಕೊಳ್ಳಿ.

ಮೇಲೆ ಹಾಸಲು ಬಿಳಿ ಪಂಚೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಹೊಳೆಯುವ ಸ್ಯಾಟಿನ್, ಮಿಂಚಿನ ಪರದೆ ಹಾಕಿದರೆ ಕಣ್ಣು ಬಟ್ಟೆಯ ಮೇಲೇ ನಿಲ್ಲುತ್ತದೆ, ಗೊಂಬೆ ಮಂಕಾಗುತ್ತದೆ. ಎಂಟು ಮೊಳದ ಒಂದು ಪಂಚೆ ಐದು ಮೆಟ್ಟಿಲಿಗೂ ಸಾಕು. ಮೇಲಿಂದ ಕೆಳಕ್ಕೆ ಹಾಸುತ್ತಾ ಬನ್ನಿ, ಒಂದೊಂದು ಮೂಲೆಯಲ್ಲೂ ಬೆರಳಿನಿಂದ ಒತ್ತಿ ಗುಂಡುಪಿನ್ನು ಚುಚ್ಚಿ. ಬಣ್ಣ ಬೇಕೆನ್ನಿಸಿದರೆ ಹಳೆಯ ರೇಷ್ಮೆ ಸೀರೆಯ ಅಂಚನ್ನು ಮೆಟ್ಟಿಲಿನ ಮುಂಭಾಗಕ್ಕೆ ಕೊಡಿ. ಮೂರು ಮೆಟ್ಟಿಲಿಗೂ ಒಂದೇ ಸೀರೆಯದಾಗಿರಲಿ.

ಪಟ್ಟದ ಗೊಂಬೆ

ಮೇಲಿನ ಮೆಟ್ಟಿಲ ನಡುವೆ ಕಲಶ, ಅದರ ಪಕ್ಕ ಪಟ್ಟದ ಗೊಂಬೆ. ಮದುವೆಯಲ್ಲಿ ತವರಿನಿಂದ ಬಂದ ಈ ಮರದ ರಾಜ ರಾಣಿಗೆ ವರ್ಷವರ್ಷವೂ ಹೊಸ ಉಡುಗೆ. ಇದಕ್ಕೆ ಅವಸರ ಮಾಡಬೇಡಿ. ಜರಿ ಅಂಚಿನ ಒಂದು ರವಿಕೆ ಕಣ ತೆಗೆದುಕೊಳ್ಳಿ. ಅಂಚು ಕೆಳಗೆ ಬರುವ ಹಾಗೆ, ಗೊಂಬೆಯ ಸೊಂಟದಿಂದ ಪಾದದವರೆಗಿನ ಅಳತೆಗೆ ಮಡಿಸಿ. ಅರ್ಧ ಇಂಚಿನ ನೆರಿಗೆ ಹಿಡಿದು, ಮೇಲ್ತುದಿಗೆ ದಾರದಲ್ಲಿ ಎರಡು ಹೊಲಿಗೆ ಹಾಕಿ ಸೊಂಟಕ್ಕೆ ಬಿಗಿಯಾಗಿ ಕಟ್ಟಿ. ಸೆರಗಿಗೆ ಬೇರೆ ತುಂಡು. ಗಂಟು ಕಾಣದ ಹಾಗೆ ಮೇಲೊಂದು ಮಣಿಸರ ಸುತ್ತಿದರೆ ಅದೇ ಡಾಬಾಗುತ್ತದೆ. ಅಂಟು ಮಾತ್ರ ಬಳಸಬೇಡಿ, ಹಳೆಯ ಮರಕ್ಕೆ ಕಲೆ ಕೂರುತ್ತದೆ.

ನಡುವಿನ ಮೆಟ್ಟಿಲಿಗೆ ದೇವರ ಗೊಂಬೆಗಳು. ದಶಾವತಾರದ ಸಾಲಿದ್ದರೆ ಮೊದಲೇ ಅಳೆಯಿರಿ: ನಾಲ್ಕಡಿಯಲ್ಲಿ ಹತ್ತು ಗೊಂಬೆ ಕೂರಬೇಕಾದರೆ ಒಂದೊಂದಕ್ಕೆ ಐದಿಂಚೂ ಸಿಗುವುದಿಲ್ಲ. ದೊಡ್ಡ ಗೊಂಬೆಯಾದರೆ ಹಿಂದೆ ಐದು, ಮುಂದೆ ಐದು. ಹಿಂದಿನವಕ್ಕೆ ಪಂಚೆಯ ಅಡಿಯಲ್ಲಿ ಮರದ ತುಂಡಿಟ್ಟು ಎತ್ತರ ಕೊಡಿ. ಕೆಳಗಿನ ಮೆಟ್ಟಿಲಿಗೆ ಮದುವೆ ದಿಬ್ಬಣ, ದಿನಸಿ ಅಂಗಡಿಯ ಶೆಟ್ಟರು, ಶೆಟ್ಟಮ್ಮ. ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ನಿಜವಾದ ಅಕ್ಕಿ, ಬೇಳೆ, ಬೆಲ್ಲ ಇಡಿ. ಹೊಸ ಗೊಂಬೆ ಕೊಳ್ಳುವವರು ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಯನ್ನೂ ನೋಡಿ. ಹಗುರ ಮರದಲ್ಲಿ ಕೆತ್ತಿದ ಅದರ ಗಾಢ ಬಣ್ಣ ಬಿಳಿ ಬಟ್ಟೆಯ ಮೇಲೆ ಎಷ್ಟು ಚೆನ್ನಾಗಿ ಎದ್ದು ಕಾಣುತ್ತದೆ ಗೊತ್ತಾ! ಗೊಂಬೆ ಗೊಂಬೆಯ ನಡುವೆ ಎರಡು ಬೆರಳಿನಷ್ಟಾದರೂ ಜಾಗ ಬಿಡಿ. ಮಿಕ್ಕವು ಮುಂದಿನ ವರ್ಷಕ್ಕೆ.

ನೆಲದ ಮೇಲೆ ಪಾರ್ಕು ಮತ್ತು ಜಂಬೂ ಸವಾರಿ. ಮುಂದೆ ಬಾವುಟ ಹೊತ್ತ ನಿಶಾನೆ ಆನೆ, ನಗಾರಿಯ ನೌಫತ್ ಆನೆ, ಆಮೇಲೆ ವಾದ್ಯದವರು, ಕುದುರೆಗಳು. ಕೊನೆಗೆ ಅಂಬಾರಿ ಆನೆ, ಅದರ ಎಡಬಲಕ್ಕೆ ಜೊತೆಯಾಗಿ ನಡೆಯುವ ಕುಮ್ಕಿ ಆನೆಗಳು. ಎಲ್ಲವನ್ನೂ ನೇರ ಸಾಲಿನಲ್ಲಿ ಇಡದೆ ಬಾಗಿಸಿ ಇಡಿ, ಆಗ ನಿಜಕ್ಕೂ ಮೆರವಣಿಗೆ ಹೊರಟ ಹಾಗಿರುತ್ತದೆ.

ಬೆಳಕು

ಮಿಣಮಿಣ ಅನ್ನುವ ಸೀರಿಯಲ್ ಸೆಟ್ ಬೇಡವೇ ಬೇಡ. ಬೆಚ್ಚನೆ ಹಳದಿ ಬಣ್ಣದ ಎಲ್‌ಇಡಿ ಪಟ್ಟಿಯನ್ನು ಮೆಟ್ಟಿಲಿನ ಮುಂದಿನ ಅಂಚಿನ ಕೆಳಗೆ, ಬಲ್ಬು ಕಾಣದ ಹಾಗೆ ಅಂಟಿಸಿ. ಕೆಳಗಿನ ಸಾಲಿನ ಗೊಂಬೆಗಳ ಮೇಲೆ ಬೆಳಕು ಬೀಳುತ್ತದೆ, ನೋಡುವವರ ಕಣ್ಣಿಗೆ ಚುಚ್ಚುವುದಿಲ್ಲ. ಮೇಲಿನ ಮೆಟ್ಟಿಲಿಗೆ ಪಕ್ಕದಿಂದ ಒಂದು ಟೇಬಲ್ ಲ್ಯಾಂಪ್ ತಿರುಗಿಸಿದರೆ ಆಯಿತು. ಎಣ್ಣೆ ದೀಪ ನೆಲದ ಮೇಲೇ ಇರಲಿ, ಬಟ್ಟೆಯಿಂದ ದೂರ. ಚನ್ನಪಟ್ಟಣದ ಗೊಂಬೆ ಅದರ ಹತ್ತಿರ ಬೇಡ, ಶಾಖಕ್ಕೆ ಅರಗು ಮೆತ್ತಗಾಗುತ್ತದೆ. ಚೆಂಡು ಹೂವನ್ನು ಬಾಗಿಲಿಗೆ, ಗೋಡೆಗೆ ಕಟ್ಟಿ. ಪಂಚೆಯ ಮೇಲೆ ಇಟ್ಟರೆ ಕಲೆಯಾಗುತ್ತದೆ.

ಒಂದು ಪಕ್ಕ ಚೂರು ಜಾಗ ಖಾಲಿ ಬಿಡಿ. ಸರಸ್ವತಿ ಪೂಜೆಗೆ ಪುಸ್ತಕ ಅಲ್ಲೇ ಬರಬೇಕು. ಸಂಜೆ ಬರುವ ಮಕ್ಕಳಿಗೆ ಕೊಡುವ ಬೊಂಬೆ ಬಾಗಿನದ ತಟ್ಟೆಗೂ ಜಾಗ ಬೇಕಲ್ವಾ?

ವಿಜಯದಶಮಿ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿದ ಮೇಲೆ, ಒಂದೊಂದು ಮೆಟ್ಟಿಲಿನ ಫೋಟೊ ತೆಗೆದಿಟ್ಟುಕೊಳ್ಳಿ. ಮಾರನೆಯ ದಿನ ಮಣ್ಣಿನ ಗೊಂಬೆಗಳನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಪೇಪರ್ ಸುತ್ತಿ. ಭಾರದವು ಕೆಳಗೆ, ಹಗುರದವು ಮೇಲೆ. ಮರದ ಗೊಂಬೆಗಳಿಗೆ ಬೇರೆ ಡಬ್ಬಿ ಮಾಡಿ, ಫೋಟೊ ಪ್ರಿಂಟು ಹಾಕಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿ.