ಚಳಿಗೆ ಮನೆ, ಶೆಡ್ಡು ಬೆಚ್ಚಗಿಡುವವರು ಇದನ್ನು ಓದಿ

ಮಡಿಕೇರಿ ಕಡೆಯ ಜನವರಿ ಚಳಿ ಎಲ್ಲರಿಗೂ ಗೊತ್ತಿದ್ದದ್ದೇ, ಅಲ್ವಾ? ಆದರೆ ಬಾಗಿಲು ಹಾಕಿಕೊಂಡು ಮಲಗುವ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಮಾತ್ರ ಇಡಬೇಡಿ, ದಯವಿಟ್ಟು. ಹೊಗೆ ಇಲ್ಲ ಅಂತ ಸುಮ್ನೆ ಧೈರ್ಯ ಮಾಡಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲೇ ಜೀವ ಹೋಗುತ್ತದೆ. ತಲೆನೋವು, ವಾಕರಿಕೆ ಶುರುವಾದರೆ ತಕ್ಷಣ ಎಲ್ಲರೂ ಹೊರಗೆ ಬನ್ನಿ.

ಕರೆಂಟ್ ಹೀಟರ್ ಆದರೆ ಬಾಗಿಲಡಿಯ ಸಂದಿಗೆ ಗೋಣಿಚೀಲ ಸುತ್ತಿಡಿ, ಅಷ್ಟಕ್ಕೇ ಎಷ್ಟೋ ವ್ಯತ್ಯಾಸ ಆಗುತ್ತದೆ. 2000 ವ್ಯಾಟಿನ ಹೀಟರ್ ಗಂಟೆಗೆ 2 ಯೂನಿಟ್ ತಿನ್ನುತ್ತದೆ. ಎಳೆಯುವುದು ಸುಮಾರು 9 ಆಂಪ್ಸ್, ಹಾಗಾಗಿ 16 ಆಂಪ್ಸ್ ಸಾಕೆಟ್ಟೇ ಬೇಕು. ಒಮ್ಮೆ ಮೊಬೈಲ್ ಚಾರ್ಜಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದೆ. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ನೋಡಿದರೆ ಪ್ಲಗ್ಗಿನ ಸುತ್ತ ಬೋರ್ಡು ಕಂದು ಬಣ್ಣಕ್ಕೆ ತಿರುಗಿತ್ತು.

ಮರಗೆಲಸದ ಶೆಡ್ಡಿನಲ್ಲಿ ಕೆಂಪಗೆ ಕಾಯುವ ರಾಡ್ ಹೀಟರ್ ಬೇಡ, ಮರದ ಪುಡಿಗೆ ಕಿಡಿ ಸಾಕು. ಆಯಿಲ್ ತುಂಬಿದ ಹೀಟರ್ ವಾಸಿ. ಇನ್ನೊಂದು, ಬಿಳಿ ಅಂಟು ಜಾಸ್ತಿ ಚಳಿಯಲ್ಲಿ ಹಿಡಿಯುವುದಿಲ್ಲ. ಒಣಗಿ ಸೀಮೆಸುಣ್ಣದ ಪುಡಿಯಂತಾಗಿ ಜಾಯಿಂಟು ಬಿಟ್ಟುಕೊಳ್ಳುತ್ತದೆ. ಅಂಟಿನ ಡಬ್ಬಿ, ಮರ ಎರಡನ್ನೂ ಹಿಂದಿನ ರಾತ್ರಿಯೇ ಮನೆಯೊಳಗೆ ತಂದಿಡಿ. ಬಿಸಿಲೇರಿದ ಮೇಲೆ ಅಂಟಿಸಿ.